ನೀರಿಗಿಳಿದೊಡನೆ ತಲೆಬಾಗುವ ದೀಪಗಳನ್ನು ಮಾಡಿದವರಿಗೆ

ನೀರೊಳಗಿನ ಕ್ಯಾಮೆರಾಗೆ ದೀಪ, ದೀಪಕ್ಕೆ ಕೈ, ಕೈಗೆ ಕೀಲು, ಕೀಲಿಗೆ ತಿರುಪು ತಯಾರಿಸಿ ಲೋಕಕ್ಕೆ ಒದಗಿಸುತ್ತಿರುವ ಕಂಪನಿಯ ಮುಖ್ಯ ವಿನ್ಯಾಸಕರ ಘನ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮನೆಯವರು, ತಮ್ಮ ಕಾರ್ಖಾನೆ, ಕಾರ್ಖಾನೆಯ ಸೂರು, ಆ ಸೂರಿನಿಂದ ತೂಗುಬಿಟ್ಟ ದೀಪಗಳು ಎಲ್ಲವೂ ಇರಬೇಕಾದ ಜಾಗದಲ್ಲಿ, ಇರಬೇಕಾದ ಎತ್ತರದಲ್ಲಿಯೇ ಇವೆಯೆಂದೂ, ಅವನ್ನು ಅಲ್ಲಿ ತೂಗುಬಿಟ್ಟವರು ತಾವಲ್ಲವೆಂದೂ ಹಾರೈಸುತ್ತೇನೆ. ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವ ಉದ್ದೇಶ ನನಗೆ ಖಂಡಿತ ಇಲ್ಲ; ನನ್ನ ಸಮಯ ಹೇಗೆ ಹಾಳಾಯಿತೆಂಬುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುವುದಷ್ಟೇ ಈ ಪತ್ರದ ಉದ್ದೇಶ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೂ ತಮ್ಮ ಕೀರ್ತಿ ಒಬ್ಬಳ ಮನೆಯೊಳಗೇ ಕೊಳೆಯಬಾರದೆಂಬ ಸದ್ಭಾವನೆಯಿಂದಲೇ.

ನಾನು ಒಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುವ ಹೆಂಗಸು. ಒಂದು ಪಕ್ಕಕ್ಕೆ ಬೀಗದ ಕೈ ಮಾಡುವವರ ಅಂಗಡಿ, ಇನ್ನೊಂದು ಪಕ್ಕಕ್ಕೆ ಬಟ್ಟೆ ಇಸ್ತ್ರಿ ಮಾಡುವವರ ಅಂಗಡಿ, ಎರಡರ ನಡುವೆ ಒಂದು ಕುರ್ಚಿ, ಒಂದು ಬಿಳಿ ಪರದೆ ಮತ್ತು ನಾನು. ಅರ್ಜಿಗೆ ಅಂಟಿಸುವ ಫೋಟೋ ತೆಗೆಯುವುದು ನನ್ನ ಕಸುಬು. ನನ್ನ ಮುಂದೆ ಕೂತವರು ಅಲುಗಾಡುವುದಿಲ್ಲ, ಉಸಿರಾಡಲೂ ನನ್ನ ಅಪ್ಪಣೆಗೆ ಕಾಯುತ್ತಾರೆ. ನನ್ನ ದೀಪಗಳು ಕಾಲೂರಿ ನಿಂತ ಜಾಗದಲ್ಲೇ ವರ್ಷಗಟ್ಟಲೆ ನಿಂತಿವೆ. ಬೆಳಕೆಂಬುದು ನಾವು ತಿರುಗಿಸಿದ ಕಡೆಗೆ ಬೀಳುತ್ತದೆಂದು ನಂಬಿಕೊಂಡಿದ್ದ ಈ ಅಜ್ಞಾನಿಗೆ, ಬೆಳಕಿಗೂ ಅದರದೇ ಆದ ಇಚ್ಛೆ, ಆಲಸ್ಯ, ನಿದ್ದೆ, ವೈರಾಗ್ಯಗಳಿರುತ್ತವೆಂದು ತಿಳಿಸಿಕೊಟ್ಟವರು ತಾವು. ಆ ಉಪಕಾರವನ್ನು ಮರೆಯುವುದುಂಟೇ?

ಇಂಥವಳಿಗೆ ನೀರೊಳಗಿನ ಕ್ಯಾಮೆರಾ ಏಕೆ ಬೇಕಾಯಿತೆಂದು ತಾವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಅತ್ತೆಯವರು. ಎಪ್ಪತ್ತರ ಹತ್ತಿರದವರು. ಮಂಡಿನೋವು. ವೈದ್ಯರು, ನೀರಲ್ಲಿ ನಡೆಯಿರಿ, ಮಂಡಿಯ ಮೇಲೆ ಭಾರ ಬೀಳುವುದಿಲ್ಲ ಎಂದು ಹೇಳಿ ಊರಿನ ಈಜುಕೊಳಕ್ಕೆ ಕಳಿಸಿದರು. ಅಲ್ಲಿ ಅವರಿಗೆ ಒಬ್ಬ ನಿವೃತ್ತ ನರ್ಸಮ್ಮ ಸಿಕ್ಕರು. ಆಸ್ಪತ್ರೆಯಲ್ಲಿ ಇಡೀ ಜೀವಮಾನ ಜನರನ್ನು ಮಲಗಿ ಮಲಗಿ ಎಂದು ಗದರಿಸಿದ ಆಕೆ, ನಿವೃತ್ತಿಯಾದ ಮೇಲೆ ಅದೇ ದನಿಯಲ್ಲಿ ಏಳಿ ಏಳಿ ಎಂದು ಗದರಿಸುತ್ತ ತನ್ನ ವಯಸ್ಸಿನ ಹೆಂಗಸರದೊಂದು ಬೆಳಗಿನ ತಂಡ ಕಟ್ಟಿದ್ದರು. ವೈದ್ಯರು ಹೇಳಿದ್ದು ನಡೆಯಲು. ನರ್ಸಮ್ಮ ನಡೆಸಿದರು, ಆಮೇಲೆ ತೇಲಿಸಿದರು, ಒಂದು ದಿನ ಎಲ್ಲರನ್ನೂ ಎರಡಾಳುದ್ದದ ಆಳಕ್ಕೆ ಕರೆದೊಯ್ದು ನೆಲವನ್ನೇ ಬಿಡಿಸಿಬಿಟ್ಟರು. ಈಗ ಆ ಹೆಂಗಸರು ದಿನವೂ ಬೆಳಗ್ಗೆ ಆಳದ ಕಡೆ ದುಂಡಗೆ ನಿಂತು, ನಿಂತು ಎನ್ನುವುದು ತಪ್ಪು, ನಿಲ್ಲಲು ಅಲ್ಲಿ ಏನೂ ಇಲ್ಲ, ಮೊಣಕೈಗೆ ಮೊಣಕೈ ಹೆಣೆದುಕೊಂಡು, ಬರೀ ಕಾಲಿನ ಬಲದಿಂದ ತೇಲುತ್ತ, ಗಂಟೆಗಟ್ಟಲೆ ಮಾತಾಡುತ್ತಾರೆ. ಸೊಸೆ, ಸಕ್ಕರೆ ಕಾಯಿಲೆ, ಪಕ್ಕದ ಮನೆಯವರು ಕಟ್ಟಿದ ಗೋಡೆ, ಯಾವುದನ್ನೂ ಬಿಡುವುದಿಲ್ಲ.

ತೊಂದರೆ ಶುರುವಾದದ್ದು ಆ ಮಾತಿನಿಂದ. ದಡದಲ್ಲಿ ನಿಂತು ನೋಡಿದವರಿಗೆ ಕಾಣುವುದು ಒಂದಷ್ಟು ರಬ್ಬರ್ ಟೋಪಿ ಮತ್ತು ಅವುಗಳ ಕೆಳಗೆ ಬಿಡುವಿಲ್ಲದೆ ಆಡುವ ಬಾಯಿಗಳು ಮಾತ್ರ. ಹೀಗೆ ದಡದಲ್ಲಿ ನಿಂತು ನೋಡಿದವರು ಈಜುಕೊಳದ ಕಾರ್ಯದರ್ಶಿಗಳು. ಅವರು ಎಂದೂ ನೀರಿಗಿಳಿದವರಲ್ಲ. ಪ್ಯಾಂಟಿನ ಮಡಿಕೆ ಕೆಡದಂತೆ ಕೊಳದಿಂದ ನಾಲ್ಕು ಮಾರು ದೂರ ನಿಂತೇ ಅದನ್ನು ಆಳುವವರು. ಪದಕ ಗೆಲ್ಲುವ ಹುಡುಗರ ತರಬೇತಿಗೆ ಬೆಳಗಿನ ಹೊತ್ತು ಬೇಕಾಗಿದೆ, ಈ ತಂಡದವರು ಈಜುವುದೇ ಇಲ್ಲವಾದ್ದರಿಂದ ಅವರ ಹೊತ್ತನ್ನು ಹುಡುಗರಿಗೆ ಕೊಡತಕ್ಕದ್ದು ಎಂದು ಅವರು ಸಮಿತಿಗೆ ಬರೆದರು. ನರ್ಸಮ್ಮ ಜಗಳಕ್ಕೆ ಹೋದಾಗ ತುಂಬ ಮರ್ಯಾದೆಯಿಂದಲೇ ಹೇಳಿದರಂತೆ: “ಈಜೋರಿಗೆ ಕೊಳ ಇದೆ, ಮಾತಾಡೋರಿಗೆ ಪಾರ್ಕ್ ಇದೆ.” ನಾವು ಈಜುವುದು ನೀರಿನ ಕೆಳಗೆ, ಇಳಿದು ನೋಡಿ ಎಂದು ನರ್ಸಮ್ಮ ಹೇಳಿದರು. ಇಳಿಯುವ ಮಾತು ಬಂದೊಡನೆ ಕಾರ್ಯದರ್ಶಿಗಳು ಇನ್ನೊಂದು ಹೆಜ್ಜೆ ಹಿಂದೆ ಸರಿದು, ಫೋಟೋ ಏನಾದರೂ ಇದ್ದರೆ ತನ್ನಿ, ಶನಿವಾರದ ಸಭೆಯಲ್ಲಿ ಇಡೋಣ ಎಂದರು.

ಅವತ್ತು ಅತ್ತೆಯವರು ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ. ಮಾತೂ ಆಡಲಿಲ್ಲ. ಅವರು ಊಟ ಬಿಟ್ಟದ್ದನ್ನು ನಾನು ಮೊದಲೂ ನೋಡಿದ್ದೆ, ಮಾತು ಬಿಟ್ಟದ್ದನ್ನು ನೋಡಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, “ಆ ಮನುಷ್ಯನಿಗೆ ಕಾಣೋದು ನಮ್ಮ ಬಾಯಿ ಮಾತ್ರ. ನೀನು ಫೋಟೋದವಳಲ್ವೇನೇ? ಕೆಳಗಿಂದ ತೆಗಿ. ಕಾಲು ತೋರ್ಸು ಅವರಿಗೆ,” ಎಂದರು. ಮದುವೆಯಾಗಿ ಬಂದಂದಿನಿಂದ ಅವರು ನನ್ನ ಕಸುಬನ್ನು ಕಸುಬೆಂದು ಒಪ್ಪಿ ಆಡಿದ ಮೊದಲ ಮಾತು ಅದು. ನನಗೆ ಈಜು ಬಾರದು, ನೀರು ಸೊಂಟಕ್ಕೆ ಬಂದರೆ ಎದೆ ಡವಗುಟ್ಟುತ್ತದೆ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಆಗಲಿ ಎಂದೆ.

ಪಕ್ಕದ ಬೀದಿಯಲ್ಲಿ, ಒಂದು ಕಾಲಕ್ಕೆ ಸಮುದ್ರದ ಮೀನುಗಳ ಫೋಟೋ ತೆಗೆಯುತ್ತಿದ್ದು ಈಗ ಮನುಷ್ಯರ ಕಡೆ ವಾಲಿರುವ ಒಬ್ಬ ಹಿರಿಯ ಫೋಟೋಗ್ರಾಫರ್ ಇದ್ದಾರೆ. ಅವರು ತಮ್ಮ ಹಳೆಯ ಪೆಟ್ಟಿಗೆಯನ್ನು, ಕ್ಯಾಮೆರಾವನ್ನು ಒಳಗಿಟ್ಟು ಬಿಗಿದರೆ ನೀರು ನುಗ್ಗದಂಥ ಗಟ್ಟಿ ಪೆಟ್ಟಿಗೆಯನ್ನು, ನನಗೆ ಎರವಲು ಕೊಟ್ಟರು. ನಾನು ಅದನ್ನು ಕೋಲಿಗೆ ಕಟ್ಟಿ, ದಡದಲ್ಲೇ ಕೂತು ಕೆಳಗಿಳಿಸಿ ಮೊದಲ ಫೋಟೋ ತೆಗೆದೆ. ನಮ್ಮ ಈಜುಕೊಳಕ್ಕೆ ಸೂರಿದೆ, ಸೂರಿನ ಗಾಜಿನ ಮೇಲೆ ಅದು ಹಾಕಿದಂದಿನ ಧೂಳಿದೆ. ಹಾಗಾಗಿ ಬೆಳಗಿನ ಹೊತ್ತು ನೀರೊಳಗೆ ಬೆಳಕೆಂಬುದು ಹೆಸರಿಗಷ್ಟೇ. ಫೋಟೋದಲ್ಲಿ ಬಂದದ್ದು ಮೋಡದ ನಡುವೆ ತೂಗಾಡುವ ಕೆಲವು ಮೂಟೆಗಳು. ಇದನ್ನು ಸಭೆಯಲ್ಲಿಟ್ಟರೆ ನಮ್ಮನ್ನು ಕೊಳದಿಂದಲ್ಲ, ಗೋದಾಮಿನಿಂದ ಹೊರಗೆ ಹಾಕುತ್ತಾರೆ ಎಂದರು ನರ್ಸಮ್ಮ. ದೀಪ ಬೇಕೇ ಬೇಕು ಎಂದಾಯಿತು. ಹಾಗೆ ನಾನು ತಮ್ಮ ಬಾಗಿಲಿಗೆ ಬಂದೆ.

ತಮ್ಮ ಡಬ್ಬಿ ಬಂದ ದಿನ ನಮ್ಮ ಮನೆಯಲ್ಲಿ ಆದ ಸಂಭ್ರಮವನ್ನು ಏನೆಂದು ಬಣ್ಣಿಸಲಿ! ಎರಡು ದೀಪ, ಕ್ಯಾಮೆರಾ ಪೆಟ್ಟಿಗೆಯ ಅಡಿಗೆ ಹಾಕುವ ಪಟ್ಟಿ, ಎರಡೂ ತುದಿಯಲ್ಲಿ ಗುಂಡಿರುವ ನಾಲ್ಕು ಕೈಗಳು, ಗುಂಡಿಗೆ ಗುಂಡನ್ನು ಕಚ್ಚಿಹಿಡಿಯುವ ಕ್ಲ್ಯಾಂಪುಗಳು, ಕ್ಲ್ಯಾಂಪಿಗೊಂದು ಚಿಟ್ಟೆಯಾಕಾರದ ತಿರುಪು. ಭುಜ, ಮೊಣಕೈ, ಮಣಿಕಟ್ಟು ಎಲ್ಲ ಇರುವ ಎರಡು ತೋಳುಗಳು ಕ್ಯಾಮೆರಾದ ಎರಡು ಪಕ್ಕ ಚಾಚಿಕೊಂಡು ದೀಪಗಳನ್ನು ಎತ್ತಿ ಹಿಡಿಯಬೇಕೆಂಬುದು ತಮ್ಮ ಮಹದಾಶಯ. ಜೊತೆಗಿದ್ದ ಕೈಪಿಡಿಯಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಚಿತ್ರಗಳು. ಚಿತ್ರದ ಮನುಷ್ಯ ಒಂದು ಕೈಯಲ್ಲಿ ಪೆಟ್ಟಿಗೆ, ಒಂದು ಕೈಯಲ್ಲಿ ದೀಪ, ಒಂದು ಕೈಯಲ್ಲಿ ಕ್ಲ್ಯಾಂಪು ಹಿಡಿದು ಮತ್ತೊಂದು ಕೈಯಿಂದ ತಿರುಪು ಬಿಗಿಯುತ್ತ ನಗುತ್ತಿದ್ದ. ನಮ್ಮ ಮನೆಯಲ್ಲಿ ಯಾರಿಗೂ ಅಷ್ಟು ಕೈ ಇಲ್ಲದ್ದು ನಮ್ಮ ವಂಶದ ದೋಷವೇ ಹೊರತು ತಮ್ಮದಲ್ಲ.

ನಮ್ಮ ಯಜಮಾನರು ಹಲ್ಲಿನ ಡಾಕ್ಟರರಿಗೆ ಕೃತಕ ದಂತಪಂಕ್ತಿ ಮಾಡಿಕೊಡುವವರು. ಸೂಕ್ಷ್ಮ ಕೆಲಸದವರು ಎಂಬ ಹೆಮ್ಮೆ ಅವರಿಗಿದೆ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಹಲ್ಲು ಕೆಲಸದ ಭೂತಗನ್ನಡಿ ಕಟ್ಟಿಕೊಂಡು, ತಮ್ಮ ಗುಂಡು-ಕೀಲನ್ನು ನೋಡಿ, ಇದು ಸಾಕ್ಷಾತ್ ದವಡೆಯ ಕೀಲು, ಇದರಲ್ಲಿ ಹೊಸದೇನೂ ಇಲ್ಲ ಎಂದರು. ಪ್ರತಿ ಗುಂಡಿನ ಮೈಮೇಲೂ ಒಂದು ಸಣ್ಣ ರಬ್ಬರ್ ಉಂಗುರವಿತ್ತು. ಕೈಪಿಡಿಯಲ್ಲಿ ರಬ್ಬರ್ ಉಂಗುರವೊಂದರ ಪಕ್ಕ ಗ್ರೀಸಿನ ಹನಿಯ ಚಿತ್ರವಿತ್ತು. ಅದು ದೀಪದ ಬ್ಯಾಟರಿ ಬಾಗಿಲಿನ ಉಂಗುರ, ನೀರು ನುಗ್ಗದಿರಲೆಂದು ಅದಕ್ಕೆ ಮಾತ್ರ ಗ್ರೀಸು ಎಂದು ನಮಗೆ ತಿಳಿದದ್ದು ಆಮೇಲೆ. ಯಜಮಾನರು ಮನೆಯಲ್ಲಿದ್ದ ಸಮಸ್ತ ಉಂಗುರಗಳಿಗೂ ಗ್ರೀಸು ಹಚ್ಚಿದರು. ಅಷ್ಟೊಂದು ಬೇಕೇ ಎಂದು ನಾನು ಕೇಳಿದ್ದಕ್ಕೆ, “ಉಂಗುರ ಅಂದ್ರೆ ಉಂಗುರ. ಹಚ್ಚು ಅಂದಿದಾರೆ, ಹಚ್ಚಿದೀನಿ,” ಎಂದು ಭೂತಗನ್ನಡಿಯ ಹಿಂದಿನಿಂದ ಉತ್ತರಿಸಿದರು. ಮೇಜಿನ ಮೇಲೆ ಅದು ಎಷ್ಟು ಚೆಂದ ನಿಂತಿತ್ತು, ಮಾನ್ಯರೇ! ಎರಡೂ ದೀಪಗಳು ತಲೆಯೆತ್ತಿ, ತೋಳು ಚಾಚಿ, ಯಾರನ್ನೋ ಅಪ್ಪಿಕೊಳ್ಳಲು ಬರುವಂತೆ ಕಾಣುತ್ತಿದ್ದವು. ಅತ್ತೆಯವರು ಅದಕ್ಕೆ ದೃಷ್ಟಿಯಾಗದಿರಲಿ ಎಂದರು. ಆದದ್ದು ದೃಷ್ಟಿಯಲ್ಲ, ಗ್ರೀಸು.

ಮರುದಿನ ಕೊಳಕ್ಕೆ ಹೋದೆವು. ನೀರಿಗಿಳಿಯುವ ವಿಷಯದಲ್ಲಿ ನನ್ನ ಅಂಜಿಕೆ ಅಷ್ಟುಹೊತ್ತಿಗೆ ಅತ್ತೆಯವರಿಗೆ ಗೊತ್ತಾಗಿತ್ತು. ಅವರು ಬೈಯಲಿಲ್ಲ, ನರ್ಸಮ್ಮನಿಗೆ ಹೇಳಿದರು, ಅದು ಬೈಯುವುದಕ್ಕಿಂತ ಹೆಚ್ಚು. ಆಳದ ಕಡೆ ಗೋಡೆಗೆ ಬಿಗಿದ ಕಬ್ಬಿಣದ ಏಣಿಯೊಂದಿದೆ. ಅದರ ಮೆಟ್ಟಿಲಿನೊಳಗೆ ಒಂದು ಕಾಲು ತೂರಿಸಿ ಮಡಚಿಕೊಂಡರೆ ಎಲ್ಲಿಗೂ ಹೋಗುವುದಿಲ್ಲ, ಎರಡು ಕೈಯೂ ಖಾಲಿ ಇರುತ್ತದೆ, ಉಸಿರು ಕಟ್ಟಿ ತಲೆ ಮುಳುಗಿಸು, ತೆಗಿ, ಮೇಲೆ ಬಾ ಎಂದು ನರ್ಸಮ್ಮ ಪಾಠ ಹೇಳಿದರು. ನಾನು ಹಾಗೆಯೇ ಮುಳುಗಿದೆ. ಕಣ್ಣು ಬಿಟ್ಟೆ. ತಮ್ಮ ದೀಪಗಳು ಮೊದಲು ಎಡದ್ದು, ಆಮೇಲೆ ಬಲದ್ದು, ಮಧ್ಯಾಹ್ನದ ಭಾಷಣ ಕೇಳುವ ಸಭಿಕರಂತೆ ಮೆಲ್ಲಗೆ, ಬಹು ಮೆಲ್ಲಗೆ ತಲೆಬಾಗಿ ಕ್ಯಾಮೆರಾದ ಮಡಿಲಲ್ಲಿ ಮಲಗಿದವು. ಬೆಳಕೆಲ್ಲ ಲೆನ್ಸಿನ ಮೂಗಿನ ಮುಂದೆ ಸುರಿದು, ನೀರಿನಲ್ಲಿದ್ದ ಒಂದೊಂದು ಕಸದ ಕಣವೂ ಬೆಳ್ಳಗೆ ಹೊಳೆದು, ಫೋಟೋದಲ್ಲಿ ಹೆಂಗಸರ ಬದಲು ಬೂದಿಯ ಬಿರುಗಾಳಿ ಬಂತು. ಕೊಳದ ನೀರು ಇಷ್ಟೊಂದು ಕೊಳಕೇ ಎಂದು ತಂಡದ ಅರ್ಧ ಜನ ಅವತ್ತು ಬೇಗ ಮೇಲೆದ್ದರು. ಅದೊಂದು ಹೆಚ್ಚಿನ ಲಾಭ.

ಆ ಮಧ್ಯಾಹ್ನವೇ ನಾನು ತಮ್ಮ ಗ್ರಾಹಕ ಸೇವೆಗೆ ಬರೆದೆ, ಅದಕ್ಕೆ ಬಂದ ಉತ್ತರವನ್ನು ಚೌಕಟ್ಟು ಹಾಕಿಸಿ ಸ್ಟುಡಿಯೋದಲ್ಲಿ ನೇತುಹಾಕಿದ್ದೇನೆ. ಉಪಕರಣವನ್ನು ನೀರಿನಲ್ಲಿ ಬಳಸಿದ್ದೀರಾ ಎಂದು ತಮ್ಮವರು ಕೇಳಿದ್ದರು. ಹೌದೆಂದೆ. ನೀರಿನ ಸಂಪರ್ಕಕ್ಕೆ ಬಂದ ತಿರುಪುಗಳಿಗೆ ವಾರಂಟಿ ಅನ್ವಯಿಸುವುದಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಿದ್ದರು. ಛತ್ರಿಯನ್ನು ಮಳೆಯಲ್ಲಿ ಬಿಚ್ಚಿದವಳನ್ನು, ಚಪ್ಪಲಿ ಹಾಕಿಕೊಂಡು ನೆಲದ ಮೇಲೆ ಕಾಲಿಟ್ಟವಳನ್ನು ಯಾರು ತಾನೇ ಕ್ಷಮಿಸುತ್ತಾರೆ? ತಪ್ಪಾಯಿತೆಂದು ಬರೆದೆ.

ಗ್ರೀಸಿನ ಗುಟ್ಟು ಬಿಡಿಸಿದವರು ಪೆಟ್ಟಿಗೆ ಎರವಲು ಕೊಟ್ಟ ಹಿರಿಯರು. ನಾವು ಹೋಗಿ ತೋರಿಸಿದಾಗ ಗುಂಡನ್ನು ಬೆರಳಿನಿಂದ ಒರಸಿ ನೋಡಿ ಬಹಳ ಹೊತ್ತು ನಕ್ಕರು. ಇದು ತಿರುಗಬೇಕಾದ ಕೀಲಲ್ಲ, ಹಿಡಿದು ನಿಲ್ಲಬೇಕಾದ ಕೀಲು, ಇದಕ್ಕೆ ಎಣ್ಣೆ ಸೋಕಿದರೆ ಕೆಟ್ಟಿತು ಎಂದರು. ಇದೇ ತಪ್ಪನ್ನು ಆ ಹಿರಿಯರೂ ಒಂದು ಸಲ ಮಾಡಿ, ನಡುಸಮುದ್ರದಲ್ಲಿ ಸ್ವಂತ ಹೊಟ್ಟೆಯದೇ ಫೋಟೋ ತೆಗೆದುಕೊಂಡು ಬಂದದ್ದಾಗಿ ಹೇಳಿದ ಮೇಲೆ ಯಜಮಾನರ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಮನೆಗೆ ಬಂದು ಸೋಪಿನ ನೀರಿನಲ್ಲಿ ಗುಂಡುಗಳನ್ನೆಲ್ಲ ತೊಳೆದು ಒಣಗಿಸಿ, ಮತ್ತೆ ಜೋಡಿಸಿ, ಈ ಸಲ ಅಲುಗಾಡಬಾರದೆಂದು ಯಜಮಾನರು ಚಿಟ್ಟೆ ತಿರುಪುಗಳನ್ನು ಇಕ್ಕಳ ಹಾಕಿ ಬಿಗಿದರು. ಎಡಗಡೆಯ ತಿರುಪು ಆ ಗಳಿಗೆಯಲ್ಲಿ ಕಟಕ್ ಎಂದು ಸಣ್ಣದಾಗಿ ಏನೋ ಹೇಳಿತು. ನಾವು ಮೂವರೂ ಕೇಳಿಸಿಕೊಂಡೆವು, ಮೂವರೂ ಕೇಳಿಸಲಿಲ್ಲವೆಂಬಂತೆ ಇದ್ದೆವು.

ಎರಡನೆಯ ಪ್ರಯತ್ನದ ಬಗ್ಗೆ ಹೆಚ್ಚು ಬರೆಯಲು ನಾಚಿಕೆಯಾಗುತ್ತದೆ. ದೀಪಗಳು ನೆಟ್ಟಗೆ ನಿಂತವು, ಆದರೆ ತಮ್ಮ ಇಡೀ ಸಾಮಾನಿನ ತೂಕ ನೀರಿನಲ್ಲಿ ನನ್ನ ಮಣಿಕಟ್ಟನ್ನು ಕೆಳಕ್ಕೆ ತಿರುಚುತ್ತಿತ್ತು, ಕ್ಯಾಮೆರಾ ಬರೀ ನೆಲದ ಹಂಚುಗಳನ್ನೇ ನೋಡುತ್ತಿತ್ತು. ತೇಲಿಸುವ ಬೆಂಡುಗಳನ್ನು ಕೈಗಳಿಗೆ ಕಟ್ಟಬೇಕೆಂದೂ, ಅವನ್ನು ತಾವು ಬೇರೆಯಾಗಿ ಮಾರುತ್ತೀರೆಂದೂ ಆಮೇಲೆ ಓದಿದೆ. ಕಾಯಲು ಪುರುಸೊತ್ತಿರಲಿಲ್ಲ. ಈಜು ಕಲಿಯುವವರು ಹಿಡಿದುಕೊಳ್ಳುವ ಹಳೆಯ ಬೆಂಡಿನ ಹಲಗೆಯೊಂದನ್ನು ಅತ್ತೆಯವರು ತರಕಾರಿ ಕತ್ತರಿಸಿದಂತೆ ಕತ್ತರಿಸಿ, ಕೈಗಳಿಗೆಲ್ಲ ಸುತ್ತಿ ದಾರದಿಂದ ಬಿಗಿದರು. ಅವರದು ಯಾವಾಗಲೂ ಧಾರಾಳ ಕೈ. ನಾನು ಮುಳುಗಿದೆ, ಕ್ಯಾಮೆರಾ ಮುಳುಗಲಿಲ್ಲ. ಅದು ನೀರಿನ ಮೇಲಕ್ಕೆ ಚಿಮ್ಮಿ, ಅದನ್ನು ಹಿಡಿದಿದ್ದ ನಾನೂ ಮೇಲಕ್ಕೆ ಚಿಮ್ಮಿ, ಕಾಲು ಮಾತ್ರ ಏಣಿಯ ಮೆಟ್ಟಿಲಲ್ಲೇ ಉಳಿದು, ಆ ಭಂಗಿಗೆ ಹೆಸರಿಡಲು ತಂಡದವರು ಇಂದಿಗೂ ಪ್ರಯತ್ನಿಸುತ್ತಿದ್ದಾರೆ. ಅತ್ತೆಯವರಂತೂ ನಗುತ್ತ ನಗುತ್ತ ಎರಡು ಗುಟುಕು ಕೊಳದ ನೀರು ಕುಡಿದರು. ಅವರ ಮುಖದ ಮೇಲೆ ನಗು ನೋಡಿ ದಿನಗಳಾಗಿದ್ದವು, ಹಾಗಾಗಿ ನಾನೂ ನಕ್ಕೆ.

ಶುಕ್ರವಾರ ಬೆಳಗ್ಗೆ ಕೊನೆಯ ಅವಕಾಶ. ಬೆಂಡುಗಳನ್ನು ಒಂದೊಂದಾಗಿ ಬಿಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ, ಮುಳುಗಲೂ ಬಾರದೆ ತೇಲಲೂ ಬಾರದೆ ಕ್ಯಾಮೆರಾ ತ್ರಿಶಂಕುವಿನಂತೆ ನಿಲ್ಲುವ ಹಾಗೆ ಮಾಡಿಕೊಂಡು ಹೋಗಿದ್ದೆವು. ಹೆಂಗಸರು ಆಳದಲ್ಲಿ ದುಂಡಾದರು. ಜೀವರಕ್ಷಕರು ತಮ್ಮ ಎತ್ತರದ ಕುರ್ಚಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು. ಕಿವಿ ಸೋರುತ್ತಿದ್ದುದರಿಂದ ಆ ವಾರ ನೀರಲ್ಲಿ ಮುಳುಗಬಾರದೆಂದು ವೈದ್ಯರು ಹೇಳಿದ್ದರಂತೆ. ನೀರಿನಲ್ಲಿ ಯಾರೋ ಕರೆಂಟಿನ ದೀಪ ಹಚ್ಚಿದ್ದಾರೆಂಬ ದೂರು ಕೇಳಿ ಕಾರ್ಯದರ್ಶಿಗಳೂ ಬಂದರು. ಇದು ಬ್ಯಾಟರಿಯ ದೀಪ ಎಂದು ಯಜಮಾನರು ದಡದಲ್ಲಿ ನಿಂತು ಅವರಿಗೆ ವಿವರಿಸುತ್ತಿದ್ದರು. ನಾನು ಏಣಿಗೆ ಕಾಲು ಸಿಕ್ಕಿಸಿ ತಲೆ ಮುಳುಗಿಸಿದೆ.

ಮಾನ್ಯರೇ, ಇಲ್ಲಿ ಒಂದು ಗಳಿಗೆ ತಮ್ಮನ್ನು ಬಯ್ಯುವುದನ್ನು ನಿಲ್ಲಿಸುತ್ತೇನೆ. ತಮ್ಮ ಎರಡು ದೀಪಗಳೂ ಆ ಗಳಿಗೆಯಲ್ಲಿ ತಲೆಯೆತ್ತಿದ್ದವು, ಎರಡೂ ಕಡೆಯಿಂದ ಬೆಳಕು ಓರೆಯಾಗಿ ಹೋಗಿ ಹೆಂಗಸರ ಮೇಲೆ ಬಿದ್ದಿತ್ತು. ಮೇಲೆ ನೀರಿನ ಆ ಕಡೆ ಅವರ ಮಾತು ಗುಂಯ್ ಎಂದು ಕೇಳುತ್ತಿತ್ತು. ಕೆಳಗೆ ಅವರ ಕಾಲುಗಳು. ಒಂದೂ ನಿಂತಿರಲಿಲ್ಲ. ಮೊಸರು ಕಡೆಯುವಂತೆ, ಹೊಲಿಗೆ ಯಂತ್ರ ತುಳಿಯುವಂತೆ, ಯಾರಿಗೂ ತೋರಿಸಬೇಕೆಂದಿಲ್ಲದೆ ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು. ಅವುಗಳಲ್ಲಿ ಅತ್ತೆಯವರ ಕಾಲನ್ನು ಪಾದದ ಮೇಲಿನ ಹಳೆಯ ಸುಟ್ಟ ಗಾಯದಿಂದ ಗುರುತು ಹಿಡಿದೆ. ಮನೆಯಲ್ಲಿ ಆ ಮಂಡಿ ಏನೇನೆಲ್ಲ ಹೇಳಿಸಿಕೊಂಡಿದೆ, ನಾನು ಏನೇನೆಲ್ಲ ಹೇಳಿಕೊಂಡಿದ್ದೇನೆ ಮನಸ್ಸಿನಲ್ಲೇ. ಇಲ್ಲಿ ಅದು ಚಿಕ್ಕ ಹುಡುಗಿಯ ಮಂಡಿಯಂತೆ ಮಡಚುತ್ತಿತ್ತು, ಬಿಚ್ಚುತ್ತಿತ್ತು. ಫೋಟೋ ತೆಗೆಯುವುದನ್ನು ಮರೆತು ನೋಡುತ್ತ ಇದ್ದುಬಿಟ್ಟೆ.

ಆಗ ಎಡಗಡೆಯ ತಿರುಪು ತನ್ನ ಜವಾಬ್ದಾರಿಯಿಂದ ನಿವೃತ್ತಿ ಪಡೆಯಿತು.

ಕ್ಲ್ಯಾಂಪು ಬಾಯಿ ತೆರೆದು, ದೀಪ ತನ್ನ ಕೈಸಮೇತ ಕಳಚಿಕೊಂಡು, ಉರಿಯುತ್ತಲೇ ಗಿರಗಿರನೆ ತಿರುಗುತ್ತ, ನಾಲ್ಕೂ ಗೋಡೆಗಳ ಮೇಲೆ ಬೆಳಕನ್ನು ಸುತ್ತಿಸುತ್ತ, ಎರಡಾಳುದ್ದ ಕೆಳಗೆ ಹೋಗಿ ನೆಲದ ಮೇಲೆ ಕೂತಿತು. ನಾನು ಮೇಲೆ ಬಂದು ಕೆಮ್ಮುತ್ತ ಕೂಗಿದೆ. ಕಾರ್ಯದರ್ಶಿಗಳು ಬ್ಯಾಟರಿಯೋ ಕರೆಂಟೋ, ನೀರಿನ ಅಡಿಯಲ್ಲಿ ಉರಿಯುತ್ತಿರುವುದನ್ನು ಮೊದಲು ತೆಗೆಯಿರಿ, ಇಲ್ಲವಾದರೆ ಕೊಳ ಮುಚ್ಚಬೇಕಾಗುತ್ತದೆ ಎಂದರು. ಜೀವರಕ್ಷಕರು ಕಿವಿ ಮುಟ್ಟಿ ನೋಡಿಕೊಂಡು, ಎಲೆ ತೆಗೆಯುವ ಉದ್ದ ಕೋಲಿನ ಬಲೆ ತಂದು ಇಳಿಸಿದರು, ಅದು ಮುಟ್ಟಲಿಲ್ಲ. ಯಾರಾದರೂ ಹುಡುಗರು ಬರುವ ತನಕ ಕಾಯೋಣವೇ ಎಂದು ಕಾರ್ಯದರ್ಶಿಗಳು ಕೇಳಿದರು.

ಅತ್ತೆಯವರು ಪಕ್ಕದವರ ಮೊಣಕೈಯಿಂದ ತಮ್ಮ ಮೊಣಕೈ ಬಿಡಿಸಿಕೊಂಡರು. ಬೇಡ ಎಂದು ದಡದಿಂದ ಯಜಮಾನರು ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಒಂದು ಸಲ ಗಾಳಿ ತುಂಬಿಕೊಂಡು, ಸೊಂಟದ ಹತ್ತಿರ ಮಡಚಿ, ತಲೆ ಕೆಳಗೆ ಮಾಡಿ ಹೋಗಿಬಿಟ್ಟರು. ಪಾದಗಳೆರಡು ನೀರಿನ ಮೇಲೆ ಒಂದು ಕ್ಷಣ ಕಂಡವು, ಆಮೇಲೆ ಅವೂ ಇಲ್ಲ. ನಾನೂ ತಲೆ ಮುಳುಗಿಸಿದೆ. ಅವರು ಗಾಬರಿಯಿಲ್ಲದೆ, ಅಂಗೈಯಿಂದ ನೀರು ಸರಿಸುತ್ತ ಇಳಿಯುತ್ತಿದ್ದರು. ಕೆಳಗಿನ ದೀಪ ಅವರ ಮುಖದ ಮೇಲೆ ಬೆಳಕು ಚೆಲ್ಲಿತ್ತು. ಹಿಂದೆ ಉಳಿದ ಹೆಂಗಸರ ಕಾಲುಗಳು, ಅವರ ಜಾಗವೊಂದನ್ನು ಖಾಲಿ ಬಿಟ್ಟು, ತುಳಿಯುತ್ತಲೇ ಇದ್ದವು. ಚೌಕಟ್ಟಿಗೆ ಅವರು ಪೂರ್ತಿ ಸಿಗುತ್ತಿರಲಿಲ್ಲ, ಏಣಿ ಅಡ್ಡವಾಗುತ್ತಿತ್ತು. ಕಾಲನ್ನು ಮೆಟ್ಟಿಲಿನಿಂದ ಯಾವಾಗ ತೆಗೆದೆನೋ ನನಗೆ ಗೊತ್ತಿಲ್ಲ. ಒತ್ತಿದೆ. ಮತ್ತೆ ಒತ್ತಿದೆ. ಅವರು ದೀಪವನ್ನು ಹಿಡಿದು, ನೆಲವನ್ನು ಕಾಲಿನಿಂದ ಒದ್ದು ಮೇಲೆ ಬರುವ ದಾರಿಯಲ್ಲಿ, ಹಿಡಿತವಿಲ್ಲದೆ ಒದ್ದಾಡುತ್ತಿದ್ದ ನನ್ನನ್ನು ಕಂಡು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದು ಜೊತೆಗೇ ಎತ್ತಿಕೊಂಡು ಬಂದರು.

ದಡಕ್ಕೆ ಬಂದು, ಉರಿಯುತ್ತಿದ್ದ ದೀಪವನ್ನು ಕಾರ್ಯದರ್ಶಿಗಳ ಕಾಲ ಬಳಿ ಇಟ್ಟು, ಏದುಸಿರು ಬಿಡುತ್ತ ಅತ್ತೆಯವರು ಹೇಳಿದ್ದು ಇಷ್ಟು: “ಕೆಳಗೆ ಒಂದು ಹಂಚು ಒಡೆದಿದೆ. ಮೂಲೆ ಎದ್ದಿದೆ. ಯಾರಿಗಾದ್ರೂ ಕಾಲು ಕುಯ್ದೀತು, ಸರಿ ಮಾಡಿಸಿ.”

ಕಾರ್ಯದರ್ಶಿಗಳು ದೀಪವನ್ನು ನೋಡಿದರು, ನೀರನ್ನು ನೋಡಿದರು, ಆಗಲಿ ಎಂದರು.

ಶನಿವಾರದ ಸಭೆಯಲ್ಲಿ, ಅತ್ತೆಯವರು ದೀಪದ ಕಡೆ ಇಳಿಯುತ್ತಿರುವ ಫೋಟೋವನ್ನು ಮೇಜಿನ ಮೇಲಿಟ್ಟರು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ, ಬಾಗಿಲು ತೆರೆದಿತ್ತು. ಸಮಿತಿಯವರೊಬ್ಬರು ಇವರು ಯಾವ ಊರಿನ ಆಟಗಾರ್ತಿ ಎಂದು ಕೇಳಿದರು. ಇನ್ನೊಬ್ಬರು ಹಿಂದಿನ ಕಾಲುಗಳು ಯಾರವು ಎಂದರು. ಆಮೇಲೆ ಕಾರ್ಯದರ್ಶಿಗಳ ದನಿ, ಮಾಮೂಲಿಗಿಂತ ತಗ್ಗಿದ ದನಿ, ಕೇಳಿಸಿತು: “ಅವರು ಮಾತಾಡ್ತಾರೆ. ಆದ್ರೆ ಈಜ್ತಾರೆ. ನಾನೇ ನೋಡಿದೀನಿ.” ಬೆಳಗಿನ ಹೊತ್ತು ತಂಡಕ್ಕೇ ಉಳಿಯಿತು, ಹುಡುಗರಿಗೆ ಸಂಜೆ ಕೊಟ್ಟರು. ಮಾತು ಸ್ವಲ್ಪ ಕಡಿಮೆಯಾದರೆ ಒಳ್ಳೆಯದೆಂದು ಠರಾವಿನಲ್ಲಿ ಸೇರಿಸಿದ್ದರು. ಆದಷ್ಟು ನೀರಿನ ಕೆಳಗೆ ಮಾತಾಡುತ್ತೇವೆ ಎಂದು ನರ್ಸಮ್ಮ ಲಿಖಿತವಾಗಿ ಉತ್ತರಿಸಿದ್ದಾರೆ.

ಇಷ್ಟೆಲ್ಲ ಆದ ಮೇಲೆ, ಮಾನ್ಯರೇ, ತಮ್ಮ ಮೇಲೆ ದೂರು ಕೊಡಲು ಕೂತವಳಿಗೆ ಯಾವ ದೂರು ಬರೆಯಬೇಕೆಂದೇ ತಿಳಿಯುತ್ತಿಲ್ಲ. ತಮ್ಮ ತಿರುಪು ಒಳ್ಳೆಯ ತಿರುಪಾಗಿದ್ದರೆ ಏನಾಗುತ್ತಿತ್ತು? ದೀಪ ಬೀಳುತ್ತಿರಲಿಲ್ಲ, ಅತ್ತೆಯವರು ಮುಳುಗುತ್ತಿರಲಿಲ್ಲ, ಸಮಿತಿಯ ಮುಂದೆ ಒಂದಷ್ಟು ಕಾಲುಗಳ ಫೋಟೋ ಇರುತ್ತಿತ್ತು, ಕಾಲುಗಳು ಯಾರದ್ದಾದರೂ ಆಗಿರಬಹುದಲ್ಲ ಎಂದು ಯಾರೋ ಕೇಳುತ್ತಿದ್ದರು. ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು: ತಮ್ಮ ತಿರುಪುಗಳು ಇನ್ನು ಮುಂದೆಯೂ ಕಳಚಲಿ, ಆದರೆ ಯೋಗ್ಯ ಅಧಿಕಾರಿಯೊಬ್ಬರು ದಡದಲ್ಲಿ ನಿಂತಿರುವುದನ್ನು ಖಚಿತಪಡಿಸಿಕೊಂಡೇ ಕಳಚುವಂತೆ ಅವುಗಳಿಗೆ ತರಬೇತಿ ಕೊಡಿ. ಅದು ಸಾಧ್ಯವಿಲ್ಲವಾದರೆ, ತಮ್ಮ ಕೈಪಿಡಿಯ ನಗುವ ಮನುಷ್ಯನಿಗಿರುವ ಹೆಚ್ಚುವರಿ ಕೈಗಳಲ್ಲಿ ಎರಡನ್ನು ಪ್ರತಿ ಡಬ್ಬಿಯಲ್ಲೂ ಹಾಕಿ ಕಳಿಸಿ. ಅದೂ ಆಗದಿದ್ದರೆ ಖುದ್ದು ತಾವೇ ಒಂದು ಬೆಳಗ್ಗೆ ನಮ್ಮ ಕೊಳಕ್ಕೆ ದಯಮಾಡಿಸಿ; ಒಂದು ಕಡೆ ನರ್ಸಮ್ಮ, ಒಂದು ಕಡೆ ಅತ್ತೆಯವರು ತಮ್ಮ ಮೊಣಕೈ ಹಿಡಿದುಕೊಂಡು ಆಳಕ್ಕೆ ಕರೆದೊಯ್ಯುತ್ತಾರೆ. ಹಿಡಿದದ್ದನ್ನು ನೀರಿನಲ್ಲಿ ಬಿಡದಿರುವುದು ಎಂದರೇನೆಂದು ಅಲ್ಲಿ ತಮಗೆ ಅರ್ಥವಾಗುತ್ತದೆ. ವಾರಂಟಿಯ ವಿಷಯದಲ್ಲೂ ಅವರು ನೀರಿನ ಸಂಪರ್ಕವನ್ನು ತಪ್ಪೆಂದು ತಿಳಿಯುವವರಲ್ಲ.

ನಮ್ಮ ಸುದ್ದಿ ಹೇಳುವುದಾದರೆ, ನಾನೀಗ ಎದೆಮಟ್ಟದ ನೀರಿನಲ್ಲಿ ಮಲಗಲು ಕಲಿಯುತ್ತಿದ್ದೇನೆ. ನನ್ನ ಬೆನ್ನ ಕೆಳಗೆ ಅತ್ತೆಯವರ ಅಂಗೈ ಇರುತ್ತದೆ. ಅದನ್ನು ಯಾವಾಗ ತೆಗೆಯುತ್ತಾರೆಂದು ಅವರು ಮೊದಲೇ ಹೇಳುವುದಿಲ್ಲ, ಸೊಸೆಯಂದಿರ ಬಗ್ಗೆ ಏನೋ ಮಾತು ತೆಗೆದು ನಾನು ಸಿಟ್ಟಾಗುವ ಹೊತ್ತಿಗೆ ತೆಗೆದಿರುತ್ತಾರೆ. ಮೊನ್ನೆ ಹಾಗೆ ಮಲಗಿದ್ದಾಗ ಕಾರ್ಯದರ್ಶಿಗಳು ದಡಕ್ಕೆ ಬಂದರು, ಹಿಂದೆಂದಿಗಿಂತ ಹತ್ತಿರಕ್ಕೆ. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಬಗ್ಗಿ, ಇದಕ್ಕಿಂತ ಕಡಿಮೆ ನೀರು ಇರುವ ಜಾಗ ಕೊಳದಲ್ಲಿ ಎಲ್ಲಾದರೂ ಇದೆಯೇ ಎಂದು ನನ್ನನ್ನು ಕೇಳಿದರು.

ತಮ್ಮ ತಿರುಪೊಂದನ್ನು ಬಿಟ್ಟು ಮಿಕ್ಕೆಲ್ಲದರ ಮೇಲೂ ವಿಶ್ವಾಸ ಉಳಿಸಿಕೊಂಡಿರುವ,

ತಮ್ಮ ವಿಶ್ವಾಸಿ,
ಫೋಟೋ ಸ್ಟುಡಿಯೋದ ಒಡತಿ

ತಾ.ಕ.: ದೋಷವಿರುವ ಎಡಗಡೆಯ ಕ್ಲ್ಯಾಂಪಿನ ಜೊತೆಗೆ ಬಲಗಡೆಯದನ್ನೂ ಪರೀಕ್ಷೆಗೆ ಕಳಿಸಿಕೊಡಬೇಕೆಂದು ತಮ್ಮವರು ಮೊನ್ನೆ ಬರೆದಿದ್ದಾರೆ. ಕಳಿಸಲು ನಮಗೂ ಆಸೆಯೇ. ಆದರೆ ಬಲಗಡೆಯದು ಯಜಮಾನರು ಇಕ್ಕಳ ಹಾಕಿ ಬಿಗಿದಂದಿನಿಂದ ಬಿಚ್ಚಲು ಬರುತ್ತಿಲ್ಲ. ಬೀಗದ ಕೈ ಮಾಡುವವರು ಸೋತಿದ್ದಾರೆ, ಯಜಮಾನರು ದವಡೆಯ ಹೋಲಿಕೆಯನ್ನು ವಾಪಸು ಪಡೆದಿದ್ದಾರೆ. ಹೀಗಾಗಿ ಕ್ಯಾಮೆರಾ ಪೆಟ್ಟಿಗೆ ದೀಪಸಮೇತ ನಮ್ಮ ಊಟದ ಮೇಜಿನ ಮೇಲೇ ಇದೆ, ಅದರ ಬೆಳಕಿನಲ್ಲಿ ಅತ್ತೆಯವರು ದಿನಪತ್ರಿಕೆ ಓದುತ್ತಾರೆ. ಎರವಲು ಕೊಟ್ಟ ಹಿರಿಯರು ಪೆಟ್ಟಿಗೆ ಕೇಳಿಕೊಂಡು ಬಂದಿದ್ದರು, ತಮ್ಮ ಕಾರ್ಖಾನೆಯ ವಿಳಾಸ ಕೊಟ್ಟು ಕಳಿಸಿದ್ದೇನೆ. ಎತ್ತರದ ಆಳು, ಸ್ವಲ್ಪ ಮುಂಗೋಪ. ಬಂದಾಗ ಕೂರಿಸಿ ಮಾತಾಡಿಸಿ, ತಮ್ಮ ಕಾರ್ಖಾನೆಯಲ್ಲಿ ಅಲುಗಾಡದ ಕುರ್ಚಿಯೇನಾದರೂ ಇದ್ದರೆ.